ಕಂಬಳಿ ಬೇಡ, ಕೂಲಿ ಕೊಡಿ

ಉತ್ತರಾಖಂಡದಲ್ಲೋ ಬಂಡೀಪುರದಲ್ಲೋ ಕಾಡಿಗೆ ಬೆಂಕಿ ಬಿದ್ದ ಸುದ್ದಿ ಬಂದರೆ ನಮ್ಮ ಹೊರನಾಡ ಕನ್ನಡ ಸಂಘಗಳಲ್ಲಿ ಒಂದು ನಿಶ್ಚಿತ ವಿಧಿ ನೆರವೇರುತ್ತದೆ. ಮೊದಲ ದಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಉರಿಯುವ ಬೆಟ್ಟದ ಚಿತ್ರ. ಎರಡನೆಯ ದಿನ ಕೈಮುಗಿದ ಚಿಹ್ನೆಗಳ ಸಾಲು. ಮೂರನೆಯ ದಿನ ಉತ್ಸಾಹಿ ಸದಸ್ಯರೊಬ್ಬರು ಹಳೆಯ ಬಟ್ಟೆ, ಕಂಬಳಿ, ಬಿಸ್ಕತ್ತು ಸಂಗ್ರಹಿಸೋಣವೆಂದು ಸೂಚಿಸುತ್ತಾರೆ. ವಾರ ಕಳೆಯುವಷ್ಟರಲ್ಲಿ ಮಳೆಯೋ ಚುನಾವಣೆಯ ಫಲಿತಾಂಶವೋ ಬಂದು ಬೆಂಕಿಯೂ ಆರುತ್ತದೆ, ಅನುಕಂಪವೂ ಆರುತ್ತದೆ. ಕಟ್ಟಿಟ್ಟ ಮೂಟೆಗಳು ರಾಜ್ಯೋತ್ಸವದ ಬ್ಯಾನರುಗಳ ಪಕ್ಕದಲ್ಲಿ ಮುಂದಿನ ನೆರೆಗಾಗಿ ಕಾಯುತ್ತವೆ.

ಸದಸ್ಯರ ಸದ್ಭಾವನೆಯ ಬಗ್ಗೆ ನನ್ನ ತಕರಾರಿಲ್ಲ. ನೆರೆಗೆಂದು ರೂಢಿಸಿಕೊಂಡ ನೆರವಿನ ಕ್ರಮವನ್ನೇ ಬೆಂಕಿಗೂ ಅನ್ವಯಿಸುವ ಸೋಮಾರಿತನದ ಬಗ್ಗೆ ಇದೆ. ನೆರೆ ಬಂದರೆ ಮನೆ ಮುಳುಗುತ್ತದೆ, ಪಾತ್ರೆ ತೇಲಿಹೋಗುತ್ತದೆ, ಹೊದಿಕೆ ನೆನೆಯುತ್ತದೆ. ಅಲ್ಲಿ ಕಂಬಳಿಗೆ ಅರ್ಥವುಂಟು. ನಮ್ಮ ದೇಶದ ಕಾಡ್ಗಿಚ್ಚು ಬಹುಮಟ್ಟಿಗೆ ಊರುಗಳನ್ನು ಸುಡುವುದಿಲ್ಲ. ಅದು ಸುಡುವುದು ದನದ ಮುಂದಿನ ತಿಂಗಳ ಮೇವನ್ನು, ಗೊಬ್ಬರಕ್ಕೆ ಬೇಕಾದ ತರಗೆಲೆಯನ್ನು, ಒರತೆಯನ್ನು ಕಾಯುವ ಮರಗಳನ್ನು. ಮತ್ತು ಅದನ್ನು ಆರಿಸಲು ಹೋದ ಮನುಷ್ಯರನ್ನು. ಮೇ ತಿಂಗಳ ಬಿಸಿಲಿನಲ್ಲಿ ಈ ಜನಕ್ಕೆ ಕಂಬಳಿ ಕಳುಹಿಸುವುದರಿಂದ ಸಮಾಧಾನವಾಗುವುದು ಕಳುಹಿಸಿದವರಿಗೆ ಮಾತ್ರ.

2024ರ ಬೇಸಿಗೆಯನ್ನೇ ತೆಗೆದುಕೊಳ್ಳಿ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ವರದಿಯ ಪ್ರಕಾರ 2023ರ ನವೆಂಬರಿನಿಂದ 2024ರ ಜೂನಿನವರೆಗೆ ಉಪಗ್ರಹಗಳು ಉತ್ತರಾಖಂಡವೊಂದರಲ್ಲೇ 21,033 ಬೆಂಕಿಯ ತಾಣಗಳನ್ನು ಗುರುತಿಸಿದವು. ದೇಶದಲ್ಲಿ ಅದೇ ಮೊದಲ ಸ್ಥಾನ. ವಾಯುಪಡೆಯ ಹೆಲಿಕಾಪ್ಟರು ಭೀಮತಾಲ್ ಸರೋವರದಿಂದ ನೀರೆತ್ತಿ ಸುರಿಯಿತು. ಆ ದೃಶ್ಯವನ್ನು ನಾವೆಲ್ಲ ನೋಡಿದೆವು, ಹಂಚಿಕೊಂಡೆವು. ಜೂನ್ 13ರಂದು ಅಲ್ಮೋರಾದ ಬಿನ್ಸರ್ ಅಭಯಾರಣ್ಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ಇಲಾಖೆಯ ನಾಲ್ವರು ಜ್ವಾಲೆಗೆ ಸಿಕ್ಕು ಸತ್ತರು. ಗಾಯಗೊಂಡವರನ್ನು ಮೊದಲು ಹಲ್ದ್ವಾನಿಗೆ, ಅಲ್ಲಿಂದ ವಿಮಾನದಲ್ಲಿ ದೆಹಲಿಯ ಏಮ್ಸ್‌ಗೆ ತಂದರು. ಅಧಿಕಾರಿಗಳ ಅಮಾನತಾಯಿತು. ದಿನಗೂಲಿಯ ಕಾವಲುಗಾರರ ಕೈಯಲ್ಲಿ ಆ ಹೊತ್ತು ಏನಿತ್ತು ಎಂಬ ಪ್ರಶ್ನೆ ಮಾತ್ರ ಅಮಾನತಿನಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚಾಗಲಿಲ್ಲ. ಏನಿರುತ್ತದೆಂದು ಗುಡ್ಡಗಾಡಿನ ಯಾರನ್ನಾದರೂ ಕೇಳಿ: ಹಸಿ ಸೊಪ್ಪಿನ ಒಂದು ಕೊಂಬೆ. ಆಕಾಶದಲ್ಲಿ ಉಪಗ್ರಹವಿದೆ, ಅದರ ಸಂದೇಶ ಅಧಿಕಾರಿಯ ಮೊಬೈಲಿಗೆ ಬರುತ್ತದೆ. ನೆಲದ ಮೇಲೆ ಬೆಂಕಿಯನ್ನು ಬಡಿಯುವುದು ಮಾತ್ರ ಇಂದಿಗೂ ಕೊಂಬೆಯೇ.

ಇದು ಪರರಾಜ್ಯದ ಕಥೆಯೆಂದು ಕೈತೊಳೆದುಕೊಳ್ಳುವಂತಿಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸುತ್ತಿದ್ದ ಅರಣ್ಯ ರಕ್ಷಕರೊಬ್ಬರು ಸತ್ತರು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ ಇನ್ನೊಬ್ಬರು. ನಡುವೆ, 2019ರ ಫೆಬ್ರವರಿಯಲ್ಲಿ ಬಂಡೀಪುರದ ನಾಲ್ಕು ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಉರಿದಾಗ ಬೆಂಗಳೂರು, ಮೈಸೂರುಗಳಿಂದ ಸ್ವಯಂಸೇವಕರು ಧಾವಿಸಿದರು. ಅವರ ಬಗ್ಗೆ ಗೌರವವಿದೆ. ಆದರೆ ಅವರು ಹಿಂದಿರುಗಿದ ಮೇಲೂ ಕಾಡಂಚಿನಲ್ಲಿ ಉಳಿದವರು, ಪ್ರತಿವರ್ಷ ಜನವರಿಯಿಂದ ಮಳೆ ಬರುವ ತನಕ ಬೆಂಕಿ ಕಾವಲಿಗೆ ನಿಲ್ಲುವ ಸೋಲಿಗರು, ಜೇನುಕುರುಬರು, ಹಾಡಿಯ ಹುಡುಗರು. ಅವರ ಹೆಸರು ನಮ್ಮ ಯಾವ ಅಭಿನಂದನಾ ಪತ್ರದಲ್ಲೂ ಇಲ್ಲ.

ಚೆನ್ನೈನ ಓದುಗರಿಗೆ 2018ರ ಮಾರ್ಚಿನ ಕುರಂಗಣಿ ನೆನಪಿರಬೇಕು. ತೇನಿ ಜಿಲ್ಲೆಯ ಆ ಬೆಟ್ಟದಲ್ಲಿ ಚಾರಣಿಗರು ಬೆಂಕಿಗೆ ಸಿಕ್ಕಾಗ ಮೊದಲು ಮೇಲಕ್ಕೆ ಹತ್ತಿದವರು ಕೆಳಗಿನ ಊರಿನ ಜನ. ಸುಟ್ಟವರನ್ನು ಬಟ್ಟೆಯ ಜೋಲಿಯಲ್ಲಿ ಹೊತ್ತು ಇಳಿಸಿದರು. ನಗರದವರು ಸತ್ತದ್ದರಿಂದ ಅದು ದೇಶದ ಸುದ್ದಿಯಾಯಿತು. ಹೊತ್ತವರು ಮರುದಿನ ಕೂಲಿಗೆ ಹೋದರು.

ಇನ್ನು ಪರಿಹಾರದ ಮಾತು. ಎರಡು ದಶಕ ಸರ್ಕಾರಿ ಕಡತಗಳ ನಡುವೆ ಕಳೆದವನಾದ್ದರಿಂದ ನನಗೆ ಕೋಷ್ಟಕಗಳನ್ನು ಓದುವ ಚಟವಿದೆ. ರಾಜ್ಯ ವಿಪತ್ತು ಸ್ಪಂದನ ನಿಧಿಯ 2022–26ರ ಮಾನದಂಡದಂತೆ ವಿಪತ್ತಿನಲ್ಲಿ ಸತ್ತವರ ಕುಟುಂಬಕ್ಕೆ 4 ಲಕ್ಷ ರೂಪಾಯಿ. ರಕ್ಷಣಾ ಕಾರ್ಯದಲ್ಲಿ ತೊಡಗಿ ಸತ್ತವರೂ ಇದರಲ್ಲಿ ಸೇರುತ್ತಾರೆ. ಶೇಕಡಾ 60ಕ್ಕಿಂತ ಹೆಚ್ಚು ಅಂಗವೈಕಲ್ಯಕ್ಕೆ 2.5 ಲಕ್ಷ, 40ರಿಂದ 60ರವರೆಗೆ 74,000. ಒಂದು ವಾರಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲಿದ್ದರೆ 16,000, ಕಡಿಮೆಯಿದ್ದರೆ 5,400. ಹಾಲು ಕೊಡುವ ಎಮ್ಮೆ ಸತ್ತರೆ 37,500. ಈ ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಸುಟ್ಟಗಾಯದ ಮನುಷ್ಯ ತಿಂಗಳುಗಟ್ಟಲೆ ಮಲಗಿದರೂ, ಅಂಗವೈಕಲ್ಯದ ಪ್ರಮಾಣಪತ್ರ ಕೈಗೆ ಬರುವ ತನಕ, ಅವನ ಲೆಕ್ಕ ಎಮ್ಮೆಯ ಅರ್ಧಕ್ಕಿಂತ ಕಡಿಮೆ. ಎಮ್ಮೆಗೆ ಹೆಚ್ಚಾಯಿತೆಂದು ಯಾರೂ ತಿಳಿಯಬಾರದು. ಎಮ್ಮೆಯ ಮಾರುಕಟ್ಟೆ ದರ ಬಲ್ಲವರು ನಗುತ್ತಾರೆ.

ಇಷ್ಟಾದರೂ ಹಣ ಸಿಗಬೇಕಾದರೆ ಸಾವಿನ ಕಾರಣವನ್ನು ಅಧಿಕಾರಿ ದೃಢೀಕರಿಸಬೇಕು, ಗಾಯವನ್ನು ಸರ್ಕಾರಿ ಆಸ್ಪತ್ರೆ ದೃಢೀಕರಿಸಬೇಕು. ಅರಣ್ಯ ಇಲಾಖೆ ಒಂದು ಊರಿನಲ್ಲಿ, ತಹಸೀಲು ಇನ್ನೊಂದರಲ್ಲಿ, ಆಸ್ಪತ್ರೆ ಮೂರನೆಯದರಲ್ಲಿ. ಮೇವು, ತರಗೆಲೆ, ಒರತೆಗಳ ಲೆಕ್ಕವಂತೂ ಬೇಡವೇ ಬೇಡ. ಕಾಡು ಸರ್ಕಾರದ್ದು, ಆದ್ದರಿಂದ ಕಾಡಿನ ನಷ್ಟವೂ ಸರ್ಕಾರದ್ದೇ, ಆ ಕಾಡಿನಿಂದಲೇ ಒಲೆ ಹಚ್ಚುವ ಹೆಂಗಸಿಗೆ ನಷ್ಟವಾಗಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ‘ಸಂತ್ರಸ್ತ’ ಎಂಬ ನಮ್ಮ ಗಂಭೀರ ಸಂಸ್ಕೃತ ಪದಕ್ಕೆ ಕಚೇರಿಯಲ್ಲಿ ಇರುವ ಅರ್ಥ ‘ಪಟ್ಟಿಯಲ್ಲಿ ಹೆಸರಿರುವವನು’ ಎಂದಷ್ಟೆ.

ಪಟ್ಟಿಯ ಹೊರಗೆ ಯಾರಿರುತ್ತಾರೆ? 2024ರ ಮೇ ತಿಂಗಳಲ್ಲಿ ಅಲ್ಮೋರಾ ಜಿಲ್ಲೆಯ ಸೋಮೇಶ್ವರದ ಕಡೆ ಪೈನ್ ಮರಗಳಿಂದ ರಾಳ ಇಳಿಸುತ್ತಿದ್ದ ನೇಪಾಳಿ ಕೂಲಿಕಾರರು ಬೆಂಕಿಗೆ ಸಿಕ್ಕು ಜೀವ ಕಳೆದುಕೊಂಡರು. ಹೊಟ್ಟೆಪಾಡಿಗೆ ಊರುಬಿಟ್ಟು ಬಂದವರು. ಅವರಿಗೆ ಆ ಊರಿನ ಪಂಚಾಯಿತಿಯಲ್ಲಿ ಮತವಿಲ್ಲ, ತಹಸೀಲಿನಲ್ಲಿ ಪರಿಚಯವಿಲ್ಲ, ಪರವಾಗಿ ಒಂದು ಅರ್ಜಿ ಬರೆದುಕೊಡುವ ಸಂಘವೂ ಇಲ್ಲ. ಪರಊರಿನಲ್ಲಿ ಬಾಳುವುದೆಂದರೆ ಏನೆಂಬುದರ ಮೇಲೆ ನಾವು ವರ್ಷಕ್ಕೊಂದು ವಿಚಾರಗೋಷ್ಠಿ ನಡೆಸುತ್ತೇವೆ. ಸಂಬಳ, ವಸತಿಗೃಹ, ವರ್ಗಾವಣೆ ಭತ್ಯೆಗಳಿರುವ ನಮ್ಮ ಪರಊರಿನ ದುಃಖಕ್ಕೆ ಅಷ್ಟು ಪದ್ಯಗಳಿರುವಾಗ ಆ ರಾಳದ ಕೂಲಿಕಾರರಿಗೆ ಒಂದು ಗದ್ಯ ವಾಕ್ಯವಾದರೂ ಬೇಡವೇ?

ಈ ಮಾತೆತ್ತಿದಾಗಲೆಲ್ಲ ಕೇಳಿಬರುವ ಉತ್ತರ ಒಂದಿದೆ: ‘ಬೆಂಕಿ ಹಚ್ಚುವವರೂ ಅವರೇ ಅಲ್ಲವೇ?’ ಕಾಫಿಯ ಲೋಟ ಕೆಳಗಿಡದೆ ಹೇಳಬಹುದಾದ ಮಾತು ಇದು, ಆದ್ದರಿಂದಲೇ ಇಷ್ಟು ಜನಪ್ರಿಯ. ಕಾಡಿನ ಬೆಂಕಿಗಳಲ್ಲಿ ಬಹುಪಾಲು ಮನುಷ್ಯರಿಂದ ಆದವು ಎಂಬುದು ನಿಜ. ಬೀಡಿಯ ತುಂಡು, ಹೊಲದ ಕಳೆ ಸುಡುವಾಗ ಹಾರಿದ ಕಿಡಿ, ಹೊಸ ಹುಲ್ಲಿಗಾಗಿ ಬೇಕೆಂದೇ ಇಟ್ಟ ಬೆಂಕಿ, ಹಗೆಯಿಂದ ಇಟ್ಟದ್ದು, ಎಲ್ಲವೂ ಇವೆ. ಹಗೆ ಎಲ್ಲಿಂದ ಬಂತೆಂದು ಮಾತ್ರ ಕೇಳುವವರಿಲ್ಲ.

ಕುಮಾವ್ ಪ್ರಾಂತ್ಯದಲ್ಲಿ ಬ್ರಿಟಿಷರು 1911ರಿಂದ 1917ರ ನಡುವೆ ಊರುಗಳ ಸುತ್ತಲಿನ ಕಾಡನ್ನೆಲ್ಲ ಮೀಸಲು ಮಾಡಿದರು. ಅದೇ ಸರ್ಕಾರ ಜನರನ್ನು ಬಿಟ್ಟಿ ದುಡಿಮೆಗೂ ಹಿಡಿಯುತ್ತಿತ್ತು. 1921ರ ಜನವರಿಯಲ್ಲಿ, ನಮ್ಮ ಸಂಕ್ರಾಂತಿಯ ದಿನಗಳಲ್ಲೇ, ಬಾಗೇಶ್ವರದ ಉತ್ತರಾಯಣಿ ಜಾತ್ರೆಗೆ ಸೇರಿದ ಜನ ಬಿಟ್ಟಿ ಕೂಲಿಯ ದಫ್ತರಗಳನ್ನು ಸರಯೂ ನದಿಗೆ ಎಸೆದರು. ಆ ಬೇಸಿಗೆಯಲ್ಲಿ ಸರ್ಕಾರದ ಪೈನ್ ಕಾಡುಗಳು ಸಾಲುಸಾಲಾಗಿ ಉರಿದವು. ಅದು ಅಜಾಗರೂಕತೆಯಿಂದ ಬಿದ್ದ ಬೆಂಕಿಯಲ್ಲ. ಓದುಬರಹವಿಲ್ಲದವರು ಬರೆದ ತಕರಾರು ಅರ್ಜಿ. ಸರ್ಕಾರಕ್ಕೂ ಅದು ಅರ್ಥವಾಯಿತು. ಸಮಿತಿ ಕೂತಿತು, ಕಾಡಿನ ಒಂದು ಭಾಗ ಬಿಡುಗಡೆಯಾಯಿತು, 1931ರಲ್ಲಿ ವನ ಪಂಚಾಯಿತಿಗಳ ನಿಯಮ ಬಂತು. ಊರಿನವರೇ ಆಳುವ ಕಾಡು ಎಂಬ ಆ ಏರ್ಪಾಡು ಉತ್ತರಾಖಂಡದ ಸಾವಿರಾರು ಊರುಗಳಲ್ಲಿ ಇಂದಿಗೂ ಇದೆ, ಅಧಿಕಾರವೂ ಹಣವೂ ಸೋರಿಹೋದ ಸ್ಥಿತಿಯಲ್ಲಿ. ಅಲ್ಮೋರಾದ ಶೀತಲಾಖೇತ್ ಸುತ್ತಮುತ್ತ ಹೆಂಗಸರೇ ಮುಂದಾಗಿ ಹೊಲದ ಕಳೆಯನ್ನು ಬೇಸಿಗೆ ಏರುವ ಮುಂಚೆಯೇ ಸುಟ್ಟು ಮುಗಿಸುವ ಕಟ್ಟುಪಾಡು ಮಾಡಿಕೊಂಡು ಕಾಡನ್ನು ಕಾಯುತ್ತಿದ್ದಾರೆ. ಬೆಂಕಿ ಹಚ್ಚುವವರು ಎಂದು ನಾವು ಬೆರಳು ತೋರುವ ಜನವೇ ಇವರು.

ನಮ್ಮ ಬಿಳಿಗಿರಿರಂಗನ ಬೆಟ್ಟದ ಕಥೆ ಇನ್ನೂ ಕುತೂಹಲಕರ. ಅಲ್ಲಿನ ಸೋಲಿಗರು ‘ತರಗು ಬೆಂಕಿ’ ಎಂದು ಕರೆಯುತ್ತಿದ್ದ ಪದ್ಧತಿಯೊಂದಿತ್ತು: ಇಬ್ಬನಿಯ ತೇವ ಇನ್ನೂ ಇರುವ ಕಾಲದಲ್ಲಿ ತರಗೆಲೆಯನ್ನಷ್ಟೇ ಸುಡುವ ತೆಳುವಾದ, ಮೊಣಕಾಲ ಕೆಳಗಿನ ಬೆಂಕಿ. ಅಭಯಾರಣ್ಯವಾಯಿತು, ಬೆಂಕಿ ಅಪರಾಧವಾಯಿತು. ಲಂಟಾನ ಆಳೆತ್ತರ ಬೆಳೆಯಿತು. ಈಗ ಬೆಂಕಿ ಬಿದ್ದರೆ ತರಗು ಸುಡುವುದಿಲ್ಲ, ಮರದ ನೆತ್ತಿ ಸುಡುತ್ತದೆ. ಲಂಟಾನಕ್ಕೆ ಇದೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಇಂದಿನ ಲಂಟಾನದ ನಡುವೆ ಹಳೆಯ ತರಗು ಬೆಂಕಿಯನ್ನು ಮತ್ತೆ ಇಡಿರೆಂದಂತೂ ಖಂಡಿತ ಹೇಳುತ್ತಿಲ್ಲ. ಬೆಂಕಿಯ ವಿಷಯದಲ್ಲಿ ಇಷ್ಟು ಸೂಕ್ಷ್ಮವಾದ ಕನ್ನಡ ಪದವೊಂದನ್ನು ಟಂಕಿಸಿದವರನ್ನು ಬೆಂಕಿ ಹಚ್ಚುವವರ ಪಟ್ಟಿಗೆ ಸೇರಿಸಿ, 2011ರಲ್ಲಿ ಅವರ ಸಮುದಾಯ ಹಕ್ಕುಗಳನ್ನು ಕಾಗದದಲ್ಲಿ ಮಾನ್ಯಮಾಡಿದ ಮೇಲೂ ಕಾವಲಿನ ದಿನಗೂಲಿಗಳಾಗಿ ಮಾತ್ರ ಇಟ್ಟುಕೊಂಡ ವಿವೇಕದ ಬಗ್ಗೆ ಕೇಳುತ್ತಿದ್ದೇನೆ. ಪಂಪನ ಖಾಂಡವದಹನವನ್ನು ಗೋಷ್ಠಿಗಳಲ್ಲಿ ನಾವು ವರ್ಣನೆಯ ಸೊಗಸಿಗಾಗಿ ಓದುತ್ತೇವೆ. ಆ ವನದೊಳಗೆ ಯಾರಿದ್ದರು ಎಂಬ ಪ್ರಶ್ನೆಗೆ ಗೋಷ್ಠಿಯಲ್ಲಿ ಸಮಯ ಉಳಿಯುವುದಿಲ್ಲ.

‘ಇದೆಲ್ಲ ಸರ್ಕಾರದ ಕೆಲಸ’ ಎಂಬುದು ಎರಡನೆಯ ಉತ್ತರ. ಸರ್ಕಾರದ ಕೆಲಸವೇ, ಸಂದೇಹವಿಲ್ಲ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅರಣ್ಯ ಸಿಬ್ಬಂದಿಯನ್ನು ಬೆಂಕಿಯ ಕಾಲದಲ್ಲಿ ಚುನಾವಣೆಯ ಕೆಲಸಕ್ಕೆ ಹಚ್ಚಿದ್ದೇಕೆಂದು ಉತ್ತರಾಖಂಡವನ್ನು ಕೇಳಿತು. ಮಳೆದೇವರನ್ನು ನಂಬಿ ಕೂತರೆ ಆಗದೆಂದೂ ಹೇಳಿತು. ಪೈನ್ ಎಲೆ, ಅಲ್ಲಿನವರ ಬಾಯಲ್ಲಿ ಪಿರುಲ್, ಕಾಡಿನ ನೆಲದ ಮೇಲೆ ಹಾಸಿದ ಸೀಮೆಎಣ್ಣೆಯಂತೆ. ಅದನ್ನು ಹೆಕ್ಕಿ ತಂದವರಿಗೆ ಕಿಲೋಗೆ 3 ರೂಪಾಯಿಯ ಬದಲು 50 ಕೊಡುವುದಾಗಿ ಸರ್ಕಾರ ಘೋಷಿಸಿತು. ಒಳ್ಳೆಯ ಯೋಚನೆ. ಘೋಷಣೆಯಾದದ್ದು ಮೇ 8ರಂದು, ಕಾಡು ಉರಿಯುತ್ತಿರುವಾಗ. ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆಯನ್ನು ಇಷ್ಟು ಅಕ್ಷರಶಃ ನಡೆಸಿಕೊಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಮಾರ್ಚಿಯಲ್ಲಿ ಆಗಬೇಕಾದದ್ದು ಮೇನಲ್ಲಿ ಆಯಿತೆಂದು ಸರ್ಕಾರವನ್ನು ಹಳಿಯುವ ನಾವು ನಮ್ಮ ಚಂದಾ ಪುಸ್ತಕ ತೆಗೆಯುವುದು ಯಾವ ತಿಂಗಳಲ್ಲಿ?

2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿದಾಗ ನಮ್ಮ ಗುಂಪುಗಳಲ್ಲಿ ಬಂದ ಸಂದೇಶಗಳ ಸಂಖ್ಯೆ ಬಿನ್ಸರಿನದಕ್ಕಿಂತ ಎಷ್ಟೋ ಹೆಚ್ಚು. ಮಗ, ಸೊಸೆ, ಅಳಿಯ ಅಲ್ಲಿದ್ದಾರಲ್ಲ, ಸಹಜ. ಅಲ್ಲಿಂದ ಕಲಿಯಬೇಕಾದದ್ದೂ ಇತ್ತು. ಹಳೆಯ ಬಟ್ಟೆಯ ರಾಶಿ ಮಿತಿಮೀರಿ, ದಯವಿಟ್ಟು ಇನ್ನು ತರಬೇಡಿರೆಂದು ಸಂಗ್ರಹ ಕೇಂದ್ರಗಳೇ ಬೇಡಿಕೊಂಡವು. ವಿಶ್ವವಿದ್ಯಾಲಯ, ಕಾಲೇಜುಗಳ ಆವರಣದಲ್ಲಿ ಎಲ್ಲ ಇಲಾಖೆಗಳ ಮೇಜುಗಳನ್ನು ಒಂದೇ ಸೂರಿನಡಿ ಹಾಕಿ ಅರ್ಜಿ ತೆಗೆದುಕೊಂಡರು. ಅಲ್ಲಿಯೂ ಎಲ್ಲವೂ ಸರಿಯಿತ್ತೆಂದಲ್ಲ: ಬೆಂಕಿಯ ಮುಂದೆ ನಿಂತವರಲ್ಲಿ ನೂರಾರು ಕೈದಿಗಳಿದ್ದರು, ದಿನಕ್ಕೆ ಹತ್ತು ಡಾಲರಿನ ಆಸುಪಾಸಿನ ಕೂಲಿಗೆ. ಬೆಂಕಿಯ ಮುಂದೆ ಅಗ್ಗದ ಮೈಯನ್ನೇ ನಿಲ್ಲಿಸುವುದರಲ್ಲಿ ಶ್ರೀಮಂತ ದೇಶಕ್ಕೂ ನಮಗೂ ಭೇದ ಕಾಣಲಿಲ್ಲ. ಒಂದೇ ಸೂರಿನ ಮೇಜುಗಳನ್ನಾದರೂ ನಮ್ಮ ಜಿಲ್ಲಾಡಳಿತಗಳು ನಕಲು ಮಾಡಬಹುದಲ್ಲ. ನಕಲು ಮಾಡುವುದರಲ್ಲಿ ನಮಗೆ ಸಂಕೋಚವಿಲ್ಲವಷ್ಟೆ.

ಹಾಗಾದರೆ ಸಂಘ ಏನು ಮಾಡಬೇಕೆಂದು ಕೇಳುವಿರಿ. ಮೊದಲನೆಯದು, ಹಣವನ್ನು ಡಿಸೆಂಬರಿನಲ್ಲಿ ಸಂಗ್ರಹಿಸುವುದು. ಬೆಂಕಿ ರೇಖೆ ಕಡಿಯುವುದು, ತರಗು ಗುಡಿಸುವುದು, ಎರಡು ಊರುಗಳ ನಡುವಿನ ಪಟ್ಟಿಯನ್ನು ಬೋಳು ಮಾಡುವುದು, ಇವೆಲ್ಲ ಕೂಲಿಯ ಕೆಲಸಗಳು. ಇವುಗಳ ಕಾಲ ಡಿಸೆಂಬರಿನಿಂದ ಫೆಬ್ರವರಿ. ಕೊಡುವುದಾದರೆ ಗ್ರಾಮಸಭೆಗೆ, ವನ ಪಂಚಾಯಿತಿಗೆ, ಹಾಡಿಯವರೇ ನಡೆಸುವ ಸಂಘಕ್ಕೆ ಕೊಡಬೇಕು. ಯಾವುದಕ್ಕೆ ಖರ್ಚು ಮಾಡಬೇಕೆಂದು ಅವರೇ ಹೇಳಲಿ. ಗಟ್ಟಿಯಾದ ಬೂಟು, ನೀರಿನ ಕ್ಯಾನು, ತಲೆಗೆ ಕಟ್ಟುವ ದೀಪ, ಕಾವಲುಗಾರರಿಗೆ ಅಪಘಾತ ವಿಮೆಯ ಕಂತು: ಇವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಚೆನ್ನಾಗಿರುವುದಿಲ್ಲ, ಅದೊಂದು ಕೊರತೆ. ನಮ್ಮಲ್ಲಿ ಲೆಕ್ಕಪತ್ರ ಬಲ್ಲವರು, ವಿಮಾ ಕಂಪನಿಗಳಲ್ಲಿ ಜೀವಮಾನ ಸವೆಸಿ ನಿವೃತ್ತರಾದವರು, ಕಾನೂನು ಓದಿದವರು ಎಷ್ಟೊಂದು ಜನರಿದ್ದಾರೆ! ಪರಿಹಾರದ ಒಂದು ಅರ್ಜಿಯನ್ನು ಸರಿಯಾಗಿ ತುಂಬಿಸಿ, ತಿರಸ್ಕೃತವಾದರೆ ಮೇಲ್ಮನವಿ ಬರೆಯುವುದು ನೂರು ಕಂಬಳಿಗೆ ಸಮ. ಕವಿಗೋಷ್ಠಿಯ ಆಮಂತ್ರಣ ಪತ್ರಿಕೆಗೆ ವ್ಯಯಿಸುವ ವ್ಯಾಕರಣ ಶ್ರದ್ಧೆಯ ಅರ್ಧದಷ್ಟು ಸಾಕು.

ಎರಡನೆಯದು ದೆಹಲಿಯವರಿಗೇ ಮೀಸಲಾದದ್ದು. ಬೆಟ್ಟದಲ್ಲಿ ತೀವ್ರವಾಗಿ ಸುಟ್ಟವರು ಕೊನೆಗೆ ಬರುವುದು ಈ ಊರಿನ ಆಸ್ಪತ್ರೆಗಳಿಗೆ. ರೋಗಿಗೆ ಹಾಸಿಗೆ ಸಿಗಬಹುದು; ಜೊತೆಗೆ ಬಂದ ಅಣ್ಣನಿಗೆ, ಹೆಂಡತಿಗೆ ಸಿಗುವುದು ಏಮ್ಸ್ ಎದುರಿನ ಪಾದಚಾರಿ ದಾರಿ. ಅಲ್ಲಿಂದ ಮೆಟ್ರೋದಲ್ಲಿ ಅರ್ಧ ಗಂಟೆಯೊಳಗೆ ತಲುಪಬಹುದಾದಷ್ಟು ಹತ್ತಿರ ನಮ್ಮ ಸದಸ್ಯರ ಎಷ್ಟೋ ಮನೆಗಳಿವೆ. ಎರಡು ಹೊತ್ತಿನ ಊಟದ ಸರದಿ, ರಕ್ತ ಕೊಡುವವರ ಒಂದು ಪಟ್ಟಿ, ಔಷಧದ ಚೀಟಿ ಹಿಡಿದು ಯಾವ ಕಿಟಕಿಗೆ ಹೋಗಬೇಕೆಂದು ತೋರಿಸುವ ಒಬ್ಬ ಮನುಷ್ಯ, ಮಲಗಲು ಒಂದು ಕೋಣೆ. ಇದಕ್ಕೆ ಅಧ್ಯಕ್ಷರ ಭಾಷಣ ಬೇಕಿಲ್ಲ, ನಿರ್ಣಯವೂ ಬೇಕಿಲ್ಲ.

ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ‘ಇತರ ವಿಷಯಗಳು’ ಎಂಬ ಕೊನೆಯ ಸಾಲೊಂದು ಯಾವಾಗಲೂ ಇರುತ್ತದೆ. ಚಹಾ ಬಂದ ಮೇಲೆ ಅದನ್ನು ಯಾರೂ ತೆಗೆಯುವುದಿಲ್ಲ. ಈ ಸಲ ಅದನ್ನೇ ಮೊದಲು ತೆಗೆದು, ಕಾವಲಿನ ಕೂಲಿಗೆ ಎಷ್ಟು, ಆಸ್ಪತ್ರೆಯ ಸರದಿಗೆ ಯಾರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಬೇಕೆಂದು ಲಿಖಿತವಾಗಿ ಕೇಳಿದ್ದೇನೆ. ಮೂಲೆಯಲ್ಲಿರುವ ಕಂಬಳಿಯ ಮೂಟೆಗಳನ್ನು ಚಳಿಗಾಲಕ್ಕೆ ಮುಂಚೆ ಸಮೀಪದ ರಾತ್ರಿ ತಂಗುದಾಣಕ್ಕೆ ಕೊಡಬಹುದು. ಅಲ್ಲಿ ಅವಕ್ಕೆ ಕೆಲಸವಿದೆ.