ನಟ್ ಬಿಗಿ ಮಾಡಿದರೆ ರಿಪೇರಿ ಆಯಿತೇ?

ನಮ್ಮ ಮನೆಯ ಸ್ಪ್ಲೆಂಡರ್ ಪ್ಲಸ್ 2006ರದು. ಟ್ಯಾಂಕ್ ಮೇಲೆ ಇನ್ನೂ ‘ಹೀರೊ ಹೋಂಡಾ’ ಎಂದೇ ಇದೆ. ಅಪ್ಪ ಡೇರಿಗೆ ಹಾಲು ಹಾಕಿದ್ದು, ನಾನು ಮಂಡ್ಯದಲ್ಲಿ ಡಿಗ್ರಿ ಮುಗಿಸಿದ್ದು, ಈಗ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್‌ಗೆ ಓಡಾಡುತ್ತಿರುವುದು ಎಲ್ಲವೂ ಅದರಲ್ಲೇ.

ಕಳೆದ ವರ್ಷ ಕಬ್ಬು ಕಟಾವಿನ ಸಮಯ. ಅವ್ವನನ್ನು ಹಿಂದೆ ಕೂರಿಸಿಕೊಂಡು ಮದ್ದೂರಿನಿಂದ ಮಳವಳ್ಳಿಗೆ ಹೊರಟಿದ್ದೆ. ಕೆ.ಎಂ.ದೊಡ್ಡಿ ದಾಟಿದ ಮೇಲೆ ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರ್ ಇದ್ದಕ್ಕಿದ್ದಂತೆ ನಿಂತಿತು. ಹಿಂದಿನ ಬ್ರೇಕ್ ತುಳಿದೆ. ಪೆಡಲ್ ತಳದವರೆಗೂ ಹೋಯಿತು, ಗಾಡಿ ಮಾತ್ರ ನಿಲ್ಲಲಿಲ್ಲ. ಮುಂದಿನ ಬ್ರೇಕ್ ಹಿಡಿದು, ರಸ್ತೆ ಪಕ್ಕದ ಮಣ್ಣಿಗೆ ಇಳಿಸಿ ಹೇಗೋ ಉಳಿದುಕೊಂಡೆವು. ಅವ್ವ ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, ‘ಬ್ರೇಕ್ ರಿಪೇರಿ ಮಾಡಿಸ್ದೆ ಅಂದಿದ್ದಲ್ಲ ಮಗಾ?’ ಎಂದು ಕೇಳಿದಳು.

ಮಾಡಿಸಿದ್ದು ನಿಜ. ಒಂದೇ ತಿಂಗಳಲ್ಲಿ ಎರಡು ಸಲ. ಎರಡು ಸಲವೂ ಗ್ಯಾರೇಜಿನವರು ಹಿಂದಿನ ಚಕ್ರದ ಬಳಿಯ ನಟ್ಟನ್ನು ಎರಡು ಸುತ್ತು ತಿರುಗಿಸಿ, ‘ಸರಿಯಾಯ್ತು, ಹೋಗಿ’ ಎಂದಿದ್ದರು. ಪೆಡಲ್ ಗಟ್ಟಿಯಾದದ್ದು ನೋಡಿ ನಾನೂ ತಲೆಯಾಡಿಸಿದ್ದೆ.

ಅಂದು ಮಳವಳ್ಳಿಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಸಿಕ್ಕರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವ ಮೊದಲೇ ಎಜ್ಡಿ ಬಿಚ್ಚಿ ಜೋಡಿಸಲು ಕಲಿತವರು. ‘ಒಳಗೇನೈತೆ ಅಂತ ನೋಡ್ದೆ ನಟ್ ಬಿಗಿ ಮಾಡ್ತಾ ಹೋದ್ರೆ ಬ್ರೇಕ್ ಬತ್ತದೇನಪ್ಪ?’ ಎನ್ನುತ್ತಲೇ ಚಕ್ರ ಇಳಿಸಿದರು.

ಡ್ರಮ್ ಬ್ರೇಕ್‌ನ ಕೆಲಸ ಬಹಳ ಸರಳ. ಪೆಡಲ್ ತುಳಿದಾಗ ರಾಡ್ ಎಳೆಯುತ್ತದೆ, ರಾಡ್ ಒಂದು ತೋಳನ್ನು ತಿರುಗಿಸುತ್ತದೆ, ಅದರ ಜೊತೆ ಒಳಗಿನ ಕ್ಯಾಮ್ ತಿರುಗಿ ಎರಡು ಬ್ರೇಕ್ ಶೂಗಳನ್ನು ಅಗಲಿಸಿ ಡ್ರಮ್‌ಗೆ ಒತ್ತುತ್ತದೆ. ಶೂ ಮೇಲಿನ ಲೈನರ್ ಸವೆದಂತೆ ಪೆಡಲ್ ಕೆಳಕ್ಕೆ ಇಳಿಯುತ್ತದೆ. ಆಗ ನಟ್ ಬಿಗಿ ಮಾಡುವುದು ಸರಿಯೇ. ಆದರೆ ಅದಕ್ಕೂ ಒಂದು ಮಿತಿ ಇದೆ. ಆ ತೋಳಿನ ಬಳಿ ಪುಟ್ಟ ಬಾಣದ ಗುರುತು ಇರುತ್ತದೆ. ಬ್ರೇಕ್ ಪೂರ್ತಿ ತುಳಿದಾಗ ಬಾಣವು ಪ್ಲೇಟ್ ಮೇಲಿನ ಗೆರೆಯನ್ನು ಮುಟ್ಟಿದರೆ ಶೂ ಬದಲಿಸಲೇಬೇಕು. ನನ್ನ ಗಾಡಿಯಲ್ಲಿ ಬಾಣ ಆ ಗೆರೆಯನ್ನು ಯಾವತ್ತೋ ದಾಟಿತ್ತು. ಆ ಗುರುತು ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ!

ಲೈನರ್ ಹಾಳೆಯಷ್ಟು ತೆಳುವಾಗಿತ್ತು. ಕ್ಯಾಮ್ ಒಣಗಿ ಬಿಗಿದುಕೊಂಡಿತ್ತು. ಅವರು ಒಳಗಿನ ದೂಳನ್ನು ಬಾಯಿಯಿಂದ ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಹಳೇ ಲೈನರ್‌ಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಕ್ಯಾಮ್‌ಗೆ ಚೂರೇ ಚೂರು ಗ್ರೀಸ್ ಸವರಿ, ಅದು ಲೈನರ್‌ಗೆ ತಗುಲದಂತೆ ನೋಡಿಕೊಂಡರು. ಹೊಸ ಶೂ, ಸ್ಪ್ರಿಂಗ್ ಕೂರಿಸಿ, ಪೆಡಲ್‌ಗೆ ಎರಡು–ಮೂರು ಸೆಂಟಿಮೀಟರ್ ಆಟ ಬಿಟ್ಟರು. ಚಕ್ರ ಸರಾಗವಾಗಿ ತಿರುಗುತ್ತದೆಯೇ, ಬ್ರೇಕ್ ಲೈಟ್ ಹತ್ತುತ್ತದೆಯೇ ಎಂದು ನನ್ನಿಂದಲೇ ನೋಡಿಸಿದರು. ‘ಹೊಸ ಶೂ ಕೂರೋಗಂಟ ನಿಧಾನಕ್ಕೆ ಓಡ್ಸು’ ಎಂದರು. ಖರ್ಚಾಗಿದ್ದು ಕೆಲವು ನೂರು ರೂಪಾಯಿ.

ತಪ್ಪು ನನ್ನದೂ ಇತ್ತು. ಮುಂದಿನ ಬ್ರೇಕ್ ಹಿಡಿದರೆ ಗಾಡಿ ಪಲ್ಟಿಯಾಗುತ್ತದೆ ಎಂದು ನಂಬಿ, ನಮ್ಮ ಕಡೆ ಅನೇಕರಂತೆ ನಾನೂ ಹಿಂದಿನದನ್ನೇ ತುಳಿಯುತ್ತಿದ್ದೆ. ವಾಸ್ತವದಲ್ಲಿ ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬೀಳುವುದರಿಂದ ಗಾಡಿಯನ್ನು ಹೆಚ್ಚು ನಿಲ್ಲಿಸುವುದು ಮುಂದಿನ ಬ್ರೇಕೇ. ಎರಡನ್ನೂ ಒಟ್ಟಿಗೆ, ಹದವಾಗಿ ಹಿಡಿಯಬೇಕು.

‘ಅದಕ್ಕೆಲ್ಲ ಮೆಕ್ಯಾನಿಕ್ ಇದ್ದಾನಲ್ಲ, ನಾವ್ಯಾಕೆ ಕಲಿಯಬೇಕು?’ ಎಂದು ಗೆಳೆಯರು ಕೇಳುತ್ತಾರೆ. ಎಲ್ಲರೂ ಸ್ಪ್ಯಾನರ್ ಹಿಡಿಯಬೇಕು ಎಂದು ನಾನು ಹೇಳುತ್ತಿಲ್ಲ. ಆದರೆ ಬಾಣದ ಗುರುತು ತಿಳಿದವನು ಗ್ಯಾರೇಜಿನಲ್ಲಿ ‘ಚಕ್ರ ಇಳಿಸಿ ತೋರಿಸಿ’ ಎಂದು ಕೇಳಬಲ್ಲ. ತಿಳಿಯದವನು ಹಣ ಕೊಟ್ಟು ತಲೆಯಾಡಿಸಿ ಬರುತ್ತಾನೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಕನಿಷ್ಠ ಸಿಬಿಎಸ್ ಕಡ್ಡಾಯವಾಯಿತು. ಅದಕ್ಕೂ ಹಿಂದಿನ, ಅಪ್ಪನ ಕಾಲದ ಗಾಡಿ ಓಡಿಸುವ ನಮ್ಮಂಥವರಿಗೆ ಆ ಆಸರೆ ಇಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕಿಗೂ ಟ್ರ್ಯಾಕ್ಟರಿಗೂ ಪ್ರವೇಶವಿಲ್ಲ. ಮಂಡ್ಯ–ಮದ್ದೂರು ನಡುವಿನ ಸರ್ವಿಸ್ ರಸ್ತೆಯಲ್ಲಿ ನಾವು, ಕಬ್ಬಿನ ಗಾಡಿಗಳು ಎಲ್ಲ ಒಟ್ಟಿಗೇ ಸಾಗಬೇಕು. ಅಲ್ಲಿ ಬ್ರೇಕ್ ಚೆನ್ನಾಗಿರುವುದು ಶೋಕಿಯಲ್ಲ.

ನದಿಗಳ ಉಗಮಸ್ಥಾನ, ಕಾಯ್ದೆಗಳ ಇಸವಿ ಎಲ್ಲವನ್ನೂ ನಾವು ಬಾಯಿಪಾಠ ಮಾಡುತ್ತೇವೆ. ದಿನವೂ ಪ್ರಾಣ ಒಪ್ಪಿಸುವ ಗಾಡಿಯ ಬ್ರೇಕ್ ಹೇಗೆ ಹಿಡಿಯುತ್ತದೆ ಎಂಬುದು ಗೊತ್ತಿಲ್ಲ. ಕಾಲೇಜುಗಳು ವರ್ಷಕ್ಕೊಮ್ಮೆ ಹತ್ತಿರದ ಐಟಿಐಗೆ ಕರೆದೊಯ್ದು ಅರ್ಧ ದಿನ ಇದನ್ನು ತೋರಿಸಿದರೆ ಸಾಕು. ಕೈಗೆ ಗ್ರೀಸ್ ಆದರೆ ಡಿಗ್ರಿಯ ಮರ್ಯಾದೆ ಹೋಗುವುದಿಲ್ಲ. ಹುಡುಗಿಯರೂ ಕಲಿಯಲಿ, ಸ್ಕೂಟಿಗೂ ಬ್ರೇಕ್ ಶೂ ಇದೆ.

ಈಗ ಪ್ರತಿ ತಿಂಗಳು ಒಂದು ಭಾನುವಾರ ಬಗ್ಗಿ ಆ ಬಾಣ ನೋಡುತ್ತೇನೆ. ಅರ್ಧ ನಿಮಿಷದ ಕೆಲಸ. ನಾಳೆ ಮನೆಯವರನ್ನು ಹಿಂದೆ ಕೂರಿಸಿಕೊಳ್ಳುವ ಮೊದಲು ನೀವೂ ಒಮ್ಮೆ ಬಗ್ಗಿ ನೋಡಿ.