ಹಲ್ಲು ಬರುವಾಗಿನ ಭೇದಿ

"ಹಲ್ಲು ಬರಾಕತ್ತಾವ, ಅದಕ್ಕ ಹೊಟ್ಟಿ ಜಾಡಿಸಾಕತ್ತೈತಿ. ಏನಾಗಂಗಿಲ್ಲ ಬಿಡ."

ರಾಯಚೂರು, ಕೊಪ್ಪಳದ ಕಡೆ ಎಂಟು-ಹತ್ತು ತಿಂಗಳ ಕೂಸಿಗೆ ಭೇದಿ ಶುರುವಾದರೆ ಮನೆಯ ಹಿರಿಯರು ಮೊದಲು ಆಡುವ ಮಾತು ಇದು. ಸುಮ್ಮನೆ ಹುಟ್ಟಿದ ಮಾತೂ ಅಲ್ಲ. ಹಲ್ಲು ಮೂಡುವ ಹೊತ್ತಿಗೇ ಕೂಸು ಅಂಬೆಗಾಲಿಟ್ಟು ಕೈಗೆ ಸಿಕ್ಕಿದ್ದನ್ನು ಬಾಯಿಗಿಡುತ್ತದೆ, ಎದೆಹಾಲಿನ ಜತೆ ಮೇಲಿನ ಊಟವೂ ಶುರುವಾಗಿರುತ್ತದೆ. ಹಲ್ಲು ಕಣ್ಣಿಗೆ ಕಾಣುತ್ತದೆ, ರೋಗಾಣು ಕಾಣುವುದಿಲ್ಲ. ತಪ್ಪೆಲ್ಲ ಹಲ್ಲಿನ ತಲೆಗೆ ಬಂತು.

ಮೊದಲ ದಿನ ಹೀಗೆ ಕಳೆಯುತ್ತದೆ. ಮರುದಿನ ಕೂಸು ಸಪ್ಪಗಾದರೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಾರೆ. ನೆತ್ತಿ ಒಳಗೆ ಹೋಗಿದೆ ಎಂದು ಅಜ್ಜಿ ಹರಳೆಣ್ಣೆ ಹಚ್ಚುತ್ತಾಳೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರು ಗಮನಿಸಬೇಕು: ನೆತ್ತಿ ಕುಸಿದದ್ದನ್ನು ಅಜ್ಜಿ ಸರಿಯಾಗಿಯೇ ಗುರುತಿಸಿದ್ದಾಳೆ. ಮೈಯ ನೀರು ಬತ್ತಿದೆಯೇ ಎಂದು ಡಾಕ್ಟರು ನೋಡುವ ಲಕ್ಷಣಗಳಲ್ಲಿ ಅದೂ ಒಂದು. ಗುಳಿಬಿದ್ದ ಕಣ್ಣು, ಕಣ್ಣೀರಿಲ್ಲದ ಅಳು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮೆಲ್ಲಗೆ ಇಳಿಯುವುದು, ಇವೂ ಅಷ್ಟೇ. ಅಜ್ಜಿಯ ಕಣ್ಣು ಸರಿ ಇದೆ, ಮದ್ದು ಮಾತ್ರ ಬದಲಾಗಬೇಕು. ಆಶಾ ಕಾರ್ಯಕರ್ತೆ ಭಿತ್ತಿಪತ್ರ ಅಂಟಿಸುವುದಕ್ಕಿಂತ ಮೊದಲು ಆ ಅಜ್ಜಿಯ ಪಕ್ಕ ಕೂತು ಮಾತಾಡುವುದು ಒಳ್ಳೆಯದು.

ಇಷ್ಟರಲ್ಲಿ ತಾಯಿಗೆ ಜೀವ ನಿಂತಲ್ಲಿ ನಿಲ್ಲುವುದಿಲ್ಲ. ಆದರೆ ಹೊರಡುವ ತೀರ್ಮಾನ ಅವಳೊಬ್ಬಳದಲ್ಲ. ಅತ್ತೆ ಹೂಂ ಅನ್ನಬೇಕು, ಗಂಡ ಹೊಲದಿಂದ ಬರಬೇಕು, ಅಥವಾ ಗುಳೆ ಹೋದವನು ಫೋನ್ ಎತ್ತಬೇಕು. ಹತ್ತಿ ಬಿಡಿಸುವ ದಿನಗಳಲ್ಲಿ ಆಸ್ಪತ್ರೆಗೆ ಹೋದರೆ ಅವತ್ತಿನ ಕೂಲಿ ಇಲ್ಲ. ದೊಡ್ಡ ಮಗುವನ್ನು ಯಾರ ಹತ್ತಿರ ಬಿಡುವುದು? 2023ರ ಜೂನ್‌ನಿಂದ ಹೆಣ್ಣುಮಕ್ಕಳ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಟಿಕೆಟ್ಟಿನ ಕಾಸು ಉಳಿಸಿದ್ದು ನಿಜ. ಆದರೆ ಊರಿಗೆ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು ಬರುವುದಾದರೆ ನಡುವಿನ ಹೊತ್ತಿಗೆ ಯಾವ ಯೋಜನೆಯೂ ಇಲ್ಲ.

ಹಾಗಾಗಿ ಹತ್ತಿರದ ಮೆಡಿಕಲ್ ಶಾಪೇ ಗತಿ. ಅಲ್ಲಿ "ಭೇದಿ ಕಟ್ಟುವ ಗುಳಿಗೆ" ಕೇಳುತ್ತಾರೆ, ಸಿಗುತ್ತದೆ ಕೂಡ. ದೊಡ್ಡವರ ಆ ಗುಳಿಗೆ ಕೂಸಿನ ಕರುಳಿನ ಚಲನೆಯನ್ನೇ ನಿಲ್ಲಿಸಿ ಜೀವಕ್ಕೆ ಸಂಚಕಾರ ತರಬಹುದು. ಸರ್ಕಾರಿ ಆಸ್ಪತ್ರೆಗೆ ಹೋದವರ ದೂರು ಬೇರೆ: "ಸೂಜಿ ಮಾಡಲಿಲ್ಲ, ಬರೀ ಪುಡಿ ಕೊಟ್ಟು ಕಳಿಸಿದರು." ಆ ಪುಡಿಯೇ ಓಆರ್‌ಎಸ್. ಅದನ್ನು ಕುಡಿಸಿದ ಮಾತ್ರಕ್ಕೆ ಭೇದಿ ನಿಲ್ಲುವುದಿಲ್ಲ, ಹೋದ ನೀರು, ಉಪ್ಪನ್ನು ಅದು ಮರಳಿ ತುಂಬುತ್ತದೆ. ಇದನ್ನು ಹೇಳದೆ ಪೊಟ್ಟಣ ಕೈಗಿಟ್ಟರೆ, ಮದ್ದು ನಾಟಲಿಲ್ಲವೆಂದು ಜನ ಅದನ್ನು ಅಟ್ಟಕ್ಕೆ ಎಸೆಯುತ್ತಾರೆ. ಆ ಬರೀ ಪುಡಿಯ ಕತೆ ಸಣ್ಣದಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿಂದ ತುಂಬಿದ್ದ ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ಕಾಲರಾ ಎದ್ದಾಗ, ಸಲೈನ್ ಸಾಲದೆ ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು.

ತಡವಾದಾಗಲೆಲ್ಲ "ತಾಯಂದಿರಿಗೆ ಅರಿವಿಲ್ಲ" ಎಂದು ವರದಿ ಬರೆದು ಕೈತೊಳೆದುಕೊಳ್ಳುವುದು ನನಗೆ ಸೋಮಾರಿತನವಾಗಿ ಕಾಣುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭೇದಿಯಾದ ಪುಟ್ಟ ಮಕ್ಕಳಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿಯನ್ನು ಚಿಕಿತ್ಸೆಗೆ ಕರೆದೊಯ್ದಿದ್ದಾರೆ. ಆ ಹತ್ತರಲ್ಲಿ ಓಆರ್‌ಎಸ್ ಸಿಕ್ಕಿದ್ದು ಸುಮಾರು ಆರು ಮಕ್ಕಳಿಗೆ, ಜಿಂಕ್ ಸಿಕ್ಕಿದ್ದು ಸುಮಾರು ಮೂರು ಮಕ್ಕಳಿಗೆ. ಭೇದಿಗೆ ಓಆರ್‌ಎಸ್ ಜತೆ ಜಿಂಕ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳಿದ್ದು 2004ರಲ್ಲಿ. ಬಾಗಿಲವರೆಗೆ ಬಂದವರಿಗೂ ಕೊಡದಿದ್ದರೆ ಯಾರ ಅರಿವು ಕಡಿಮೆಯಾಯಿತು?

ಇನ್ನು ಕಲುಷಿತ ನೀರಿನಿಂದ ಇಡೀ ಓಣಿ ಮಲಗಿದರೆ ಮಂತ್ರಿಗಳು ಬರುತ್ತಾರೆ, ಟ್ಯಾಂಕರ್ ಬರುತ್ತದೆ. ಒಂದೇ ಮನೆಯಲ್ಲಿ ಒಂದೇ ಕೂಸು ಬಾಡಿದರೆ ಅದು ಸುದ್ದಿಯೂ ಅಲ್ಲ.

ನನ್ನ ಬೇಡಿಕೆ ಇಷ್ಟು. ಮೊದಲ ದಿನದ ಮದ್ದಿಗೆ ಬಸ್ಸೂ ಬೇಡ, ಗಂಡನ ಅಪ್ಪಣೆಯೂ ಬೇಡ ಅನ್ನುವಂತಾಗಬೇಕು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಓಆರ್‌ಎಸ್ ಮತ್ತು ಜಿಂಕ್ ಮಳೆಗಾಲದ ಭೇದಿ ತಡೆ ಅಭಿಯಾನಕ್ಕೆ ಕಾಯದೆ ಪಡಿತರದ ಅಕ್ಕಿಯ ಜತೆಗೇ ಬರಲಿ. ಗುಳೆ ಹೋದವರ ಕಟ್ಟಡ ಕಾಮಗಾರಿ ಶೆಡ್ಡುಗಳಲ್ಲೂ ಅವು ಇರಲಿ. ಅಲ್ಲಿಯವರೆಗೆ ಓದುಗರೇ, ಓಆರ್‌ಎಸ್‌ನ ಎರಡು ಪೊಟ್ಟಣ ತಂದಿಡಿ. ದೊಡ್ಡ ಪೊಟ್ಟಣವಾದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಪೂರ್ತಿ ಒಂದು. ಕಲಸಿದ್ದು ಒಂದು ದಿನ ಮಾತ್ರ. ಚಮಚದಿಂದ ಸ್ವಲ್ಪ ಸ್ವಲ್ಪವೇ ಕುಡಿಸಿ, ಎದೆಹಾಲು ನಿಲ್ಲಿಸಬೇಡಿ. ಕೂಸು ಕುಡಿಯಲಾರದಾದರೆ, ಮಂಕಾಗಿ ಬಿದ್ದುಕೊಂಡರೆ, ಮಲದಲ್ಲಿ ರಕ್ತ ಕಂಡರೆ ಯಾರ ಮಾತಿಗೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ.