ಮಿಲಿಟರಿ ಮನೆಯ ಅಕ್ಕನವರು

ಕಳೆದ ವರ್ಷ ಜಯನಗರದ ನಮ್ಮ ಬೀದಿಯ ಹಿರಿಯ ಅಕ್ಕನವರೊಬ್ಬರು ಲಿಂಗೈಕ್ಯರಾದರು. ಶಿವಗಣಾರಾಧನೆಯ ಆಹ್ವಾನ ಪತ್ರಿಕೆಯ ಕರಡನ್ನು ತಿದ್ದಿಕೊಡುವ ಕೆಲಸವನ್ನು ಅವರ ಮಕ್ಕಳು ನಮಗೇ ಒಪ್ಪಿಸಿದ್ದರು. ‘ನಿವೃತ್ತ ಸೇನಾಧಿಕಾರಿಗಳ ಧರ್ಮಪತ್ನಿ’ ಎಂದಿದ್ದ ಸಾಲಿನಲ್ಲಿ ತಪ್ಪಿದ್ದ ಒಂದು ಒತ್ತಕ್ಷರವನ್ನು ಸರಿಪಡಿಸಿ ಹಿಂದಿರುಗಿಸಿದೆವು. ಅಕ್ಕನವರು ತಾವೂ ಸೇನಾಧಿಕಾರಿಯಾಗಿದ್ದವರೆಂಬುದು ಆ ಗಳಿಗೆಯಲ್ಲಿ ನಮಗೆ ಹೊಳೆಯಲೇ ಇಲ್ಲ. ಒತ್ತಕ್ಷರ ಕಂಡ ಕಣ್ಣಿಗೆ ಅದು ಕಾಣಲಿಲ್ಲ!

ಅವರು ೧೯೭೦ರ ದಶಕದ ನಡುವಿನಲ್ಲಿ ಸೇನಾ ಶುಶ್ರೂಷಾ ಸೇವೆಯನ್ನು ಸೇರಿದವರು. ಈ ಸೇವೆಯ ದಾದಿಯರು ಲೆಫ್ಟಿನೆಂಟ್ ಪದವಿಯಿಂದ ಮೊದಲುಗೊಂಡು ಹೆಗಲ ಮೇಲೆ ನಕ್ಷತ್ರ ಧರಿಸುವ ಅಧಿಕಾರಿಗಳು. ಕಂಡವರ ಮೈ ತೊಳೆಯುವ ಕೆಲಸಕ್ಕೆ ಮಗಳನ್ನು ಕಳುಹಿಸಿದರೆಂದು ಅಂದು ಅವರ ತಂದೆಯವರನ್ನು ಆಡಿಕೊಂಡವರು ಕಡಮೆಯೇನಲ್ಲ. ಕಾಯಕದ ಮಾತನ್ನು ದಿನವೂ ಆಡುವ ನಮ್ಮ ಜನರೇ ಅವರೆಲ್ಲ.

೧೯೭೯ರಲ್ಲಿ ಸೇನಾಧಿಕಾರಿಯೊಬ್ಬರೊಡನೆ ಅವರ ವಿವಾಹವಾಯಿತು. ಅಲ್ಲಿಗೆ ಸಮವಸ್ತ್ರ ಕಳಚಿತು. ೧೯೭೭ರ ೬೧ನೆಯ ಸೇನಾ ನಿರ್ದೇಶದಲ್ಲಿ ದಾದಿಯರನ್ನು ಸೇವೆಯಿಂದ ತೆಗೆಯಲು ಇದ್ದ ಕಾರಣಗಳನ್ನು ಓದುಗರು ಗಮನಿಸಬೇಕು: ವೈದ್ಯ ಮಂಡಳಿಯು ಅಸಮರ್ಥಳೆಂದು ಹೇಳುವುದು, ಮದುವೆಯಾಗುವುದು, ದುರ್ನಡತೆ. ಕಾಯಿಲೆಗೂ ದುರ್ನಡತೆಗೂ ನಡುವೆ ಮದುವೆ! ವರನ ಹುದ್ದೆಗೆ ಇದರಿಂದ ಯಾವ ಬಾಧೆಯೂ ಇರಲಿಲ್ಲ. ಮದುವೆಯ ಈ ನಿಯಮವನ್ನು ೧೯೯೫ರಲ್ಲಿ ಹಿಂತೆಗೆದುಕೊಳ್ಳಲಾಯಿತು.

ಆಮೇಲಿನ ವರ್ಷಗಳು ಸೇನಾಧಿಕಾರಿಯ ಪತ್ನಿಯ ಬದುಕಿನವು. ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ, ಬಿಳಿಯ ಬಣ್ಣದಲ್ಲಿ ಹೆಸರು ಬರೆದ ಕಪ್ಪು ಟ್ರಂಕುಗಳು, ಮಕ್ಕಳಿಗೆ ಹೊಸ ಶಾಲೆ. ಗಡಿಯಲ್ಲಿ ನೇಮಕವಾದರೆ ಸಂಸಾರ ಹಿಂದೆಯೇ ಉಳಿಯಬೇಕು; ಪತಿ ಎಲ್ಲಿರುವರೆಂದು ತಿಳಿಯದೆ ‘೫೬ ಎ.ಪಿ.ಓ.’ ಎಂಬ ವಿಳಾಸಕ್ಕೆ ಇನ್‌ಲ್ಯಾಂಡ್ ಪತ್ರ ಹಾಕಬೇಕು.

ನಿವೃತ್ತಿಯ ಬಳಿಕ ಆ ದಂಪತಿಗಳು ನಮ್ಮ ಬೀದಿಗೆ ಬಂದರು. ‘ಮಿಲಿಟರಿ ಮನೆ’ ಎಂಬ ಹೆಸರು ಕರ್ನಲ್ ಸಾಹೇಬರಿಂದ ಬಂದದ್ದು; ಆದರೆ ಅಪರಾತ್ರಿಯಲ್ಲಿ ಅದರ ಗೇಟು ತಟ್ಟುತ್ತಿದ್ದವರು ಅಕ್ಕನವರಿಗಾಗಿ. ೧೯೯೬ರಲ್ಲಿ ನಮ್ಮ ತಾಯಿಯವರಿಗೆ ಪಾರ್ಶ್ವವಾಯು ಬಡಿದು ಅವರು ಹಾಸಿಗೆ ಹಿಡಿದರು. ಆಸ್ಪತ್ರೆಯಿಂದ ಮನೆಗೆ ಕರೆತಂದ ವಾರದೊಳಗೆ ಬೆನ್ನಿನ ಕೆಳಗೆ ಚರ್ಮ ಕೆಂಪಾಯಿತು. ನಾವು ಪೌಡರು ಹಾಕುತ್ತಿದ್ದೆವು. ಅಕ್ಕನವರು ಬಂದವರೇ ಮಗ್ಗುಲು ತಿರುಗಿಸಿ ನೋಡಿ, “ಪೌಡರು ಬಿಡು ತಮ್ಮಾ, ಗಡಿಯಾರ ತಾ” ಎಂದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲ ಕೆಳಗೆ ದಿಂಬಿಡಬೇಕು. ಹೊದಿಕೆಯಲ್ಲಿ ಒಂದು ನಿರಿಗೆಯೂ ಇರಕೂಡದು. ಕೆಂಪಾದ ಜಾಗವನ್ನು ತಿಕ್ಕಲೇಕೂಡದು. ಗೋಡೆಗೆ ಹಾಳೆ ಅಂಟಿಸಿ, ಯಾವ ಗಂಟೆಗೆ ಯಾವ ಮಗ್ಗುಲೆಂದು ಬರೆಸಿದರು. ರಾತ್ರಿ ಎರಡು ಗಂಟೆಯ ಸರದಿ ನಮ್ಮದು. ಒಮ್ಮೆ ನಿದ್ದೆಗೆ ಸೋತು, ಬೆಳಗ್ಗೆ ಎದ್ದು ಸುಳ್ಳು ಬರೆದೆವು. ಅವರು ಹಾಳೆಯನ್ನೂ ತಾಯಿಯ ಬೆನ್ನನ್ನೂ ನೋಡಿದರು, ಏನೂ ಅನ್ನಲಿಲ್ಲ. ಅಂದಿನಿಂದ ಹಾಳೆಯಲ್ಲಿ ಸುಳ್ಳು ಬರೆಯಲಿಲ್ಲ. ತಾಯಿಯವರು ಎರಡು ವರ್ಷ ಹಾಸಿಗೆಯಲ್ಲೇ ಇದ್ದರು; ಹುಣ್ಣಾಗದೆ ಹೋದರು.

೨೦೨೪ರ ಫೆಬ್ರವರಿ ೧೪ರಂದು ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪು ಬಂತು. ಲೆಫ್ಟಿನೆಂಟ್ ಸೆಲಿನಾ ಜಾನ್ ಎಂಬ ದಾದಿ ೧೯೮೮ರಲ್ಲಿ ಸೇನಾಧಿಕಾರಿಯನ್ನು ಮದುವೆಯಾಗಿ, ಅದೇ ಕಾರಣಕ್ಕೆ ಆ ವರ್ಷದ ಆಗಸ್ಟಿನಲ್ಲಿ ಸೇವೆಯಿಂದ ಬಿಡುಗಡೆಯಾಗಿದ್ದರು. ಹೆಣ್ಣುಮಕ್ಕಳಿಗಷ್ಟೇ ಅನ್ವಯಿಸುತ್ತಿದ್ದ ಆ ನಿಯಮವು ನಿರಂಕುಶವಾದುದೆಂದು ಹೇಳಿದ ನ್ಯಾಯಾಲಯವು, ಅರವತ್ತು ಲಕ್ಷ ರೂಪಾಯಿ ಪರಿಹಾರವನ್ನು ಎಂಟು ವಾರಗಳೊಳಗೆ ಕೊಡಬೇಕೆಂದು ಆದೇಶಿಸಿತು. ಆ ಹೊತ್ತಿಗೆ ಮೂವತ್ತೈದು ವರ್ಷಗಳು ಕಳೆದಿದ್ದವು.

ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ನಾವೇ ಹೋಗಿ ಅಕ್ಕನವರಿಗೆ ಓದಿ ಹೇಳಿದೆವು. ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ಇನ್ನೊಮ್ಮೆ ಓದಿಸಿದರು. ಹಣದ ಮಾತನ್ನೇ ಎತ್ತಲಿಲ್ಲ. “ಆ ಹುಡುಗಿ ಕೋರ್ಟಿಗೆ ಹೋದಳು. ನಾನು ಟ್ರಂಕು ಕಟ್ಟಿದೆ” ಎಂದರು. ಕರ್ನಲ್ ಸಾಹೇಬರು ಎದ್ದು ಒಳಗೆ ಹೋದರು. ಬಹಳ ಹೊತ್ತಿನವರೆಗೂ ಹೊರಗೆ ಬರಲಿಲ್ಲ.

ಇಷ್ಟೆಲ್ಲ ಬಲ್ಲ ನಾವು ಆ ಕರಡನ್ನು ಹಾಗೆಯೇ ಬಿಟ್ಟೆವು. ಗಣಾರಾಧನೆಯ ದಿನ ಪಂಕ್ತಿಯಲ್ಲಿ ಕುಳಿತಾಗ, ಪಕ್ಕದವರೊಬ್ಬರು ಪತ್ರಿಕೆಯನ್ನು ತಿರುವಿ “ಇವರು ನರ್ಸಮ್ಮ ಅಲ್ಲವೇ?” ಎಂದು ಕೇಳಿದ ಮೇಲೆಯೇ ನಮಗೆ ನೆನಪಾದದ್ದು.

ಈಗ ರುದ್ರಭೂಮಿಯಲ್ಲಿ ಅವರ ಸಮಾಧಿಗೆ ಕಲ್ಲು ಹಾಕಿಸುತ್ತಿದ್ದಾರೆ. ಬರಹದ ಕೆಲಸ ಮತ್ತೆ ನಮ್ಮ ಪಾಲಿಗೇ ಬಂತು. ಅವರ ಹೆಸರಿನ ಕೆಳಗೆ ‘ಲೆಫ್ಟಿನೆಂಟ್, ಸೇನಾ ಶುಶ್ರೂಷಾ ಸೇವೆ’ ಎಂದು ಬರೆದು ಕರ್ನಲ್ ಸಾಹೇಬರಿಗೆ ತೋರಿಸಿದೆವು. ಅವರು ಕನ್ನಡಕ ಏರಿಸಿಕೊಂಡು ಓದಿ, ‘ಲೆಫ್ಟಿನೆಂಟ್’ ಎಂಬುದನ್ನು ಹೆಸರಿನ ಹಿಂದಕ್ಕೆ ತರಲು ಹೇಳಿದರು. ತಮ್ಮ ಹೆಸರಿದ್ದ ಸಾಲನ್ನು ಕೆಳಗಿಳಿಸಿದರು.